ತೊಡೆಗೆ ಅಲ್ಟ್ರಾಸೌಂಡ್ ಮಾಡಿದರೆ ವಯಸ್ಸಾದವರ ನಿಶ್ಶಕ್ತಿ ಗೊತ್ತಾಗುತ್ತದೆಯೇ?

ಸುಳಿವು ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಸ್ನಾಯು ಎಷ್ಟು ದಪ್ಪವಿದೆ, ಎಷ್ಟು ಕೆಟ್ಟಿದೆ ಎಂಬುದು ಸ್ಕ್ಯಾನಿನಲ್ಲಿ ಕಾಣುತ್ತದೆ. ಅದಕ್ಕೆ ಎಷ್ಟು ಬಲವಿದೆ ಎಂಬುದು ಕಾಣುವುದಿಲ್ಲ.

ಸಾಮಾನ್ಯವಾಗಿ ನೋಡುವುದು ತೊಡೆಯ ಮುಂಭಾಗದ ಸ್ನಾಯುವನ್ನು. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಅದೇ ಆಧಾರ, ವಯಸ್ಸಾದಂತೆ ಬೇಗ ಸೊರಗುವುದೂ ಅದೇ. ಗಟ್ಟಿಮುಟ್ಟಾದ ಸ್ನಾಯು ತೆರೆಯ ಮೇಲೆ ಕಪ್ಪಗಿದ್ದು, ನಡುನಡುವೆ ತೆಳ್ಳನೆಯ ಬಿಳಿ ಗೆರೆಗಳಿರುತ್ತವೆ. ಎಳೆಗಳ ಮಧ್ಯೆ ಕೊಬ್ಬು, ನಾರು ಸೇರಿಕೊಂಡರೆ ಶಬ್ದದ ಅಲೆಗಳು ಹೆಚ್ಚು ಕಡೆ ತಾಗಿ ಹಿಂತಿರುಗುತ್ತವೆ, ಚಿತ್ರ ಬೆಳ್ಳಗಾಗುತ್ತದೆ. ತೊಡೆ ನೋಡಲು ದಪ್ಪಗಿದ್ದೂ ಒಳಗೆ ಹೀಗಾಗಿರಬಹುದು. ಅಳತೆ ಟೇಪಿಗೆ ಇದು ಸಿಕ್ಕುವುದಿಲ್ಲ.

ಅಳತೆ ತಪ್ಪುವುದು ಬಹುತೇಕ ಪ್ರೋಬ್ (ಮೈಮೇಲಿಟ್ಟು ಸ್ಕ್ಯಾನ್ ಮಾಡುವ ಉಪಕರಣ) ಹಿಡಿಯುವ ಕೈಯಿಂದ. ಅಂಗಾತ ಮಲಗಿಸಿ, ಕಾಲು ಸಡಿಲ ಬಿಡಿಸಿ, ಸೊಂಟದ ಮುಂದಿನ ಎಲುಬಿನ ತುದಿಗೂ ಮಂಡಿಚಿಪ್ಪಿನ ಮೇಲಂಚಿಗೂ ನಟ್ಟನಡುವೆ ಪೆನ್ನಿನಿಂದ ಗುರುತು ಹಾಕಬೇಕು. ಜೆಲ್ ಧಾರಾಳವಾಗಿರಲಿ, ಪ್ರೋಬ್ ಅದರ ಮೇಲೆ ತೇಲುವಂತಿರಲಿ. ಒತ್ತಿದರೆ ಮೆತ್ತನೆಯ ಸ್ನಾಯು ಚಪ್ಪಟೆಯಾಗಿ, ಇಲ್ಲದ ಸವೆತ ಇದ್ದಂತೆ ಕಾಣುತ್ತದೆ. ಓರೆಯಾಗಿ ಹಿಡಿದರೆ ಬಿಳುಪಿನ ಲೆಕ್ಕವೇ ಕೆಡುತ್ತದೆ. ಗೇನ್, ಅಂದರೆ ಚಿತ್ರದ ಹೊಳಪಿನ ಸೆಟ್ಟಿಂಗ್, ಪ್ರತಿ ಸಲವೂ ಒಂದೇ ಇರಬೇಕು. ಬೇರೆ ಬೇರೆ ಯಂತ್ರಗಳ ಬಿಳುಪನ್ನು ಹೋಲಿಸುವುದಂತೂ ವ್ಯರ್ಥ. ಮೂರು ಸಲ ಅಳೆದು ಸರಾಸರಿ ತೆಗೆಯುವುದು ವಾಸಿ.

ಬಲ ತಿಳಿಯಲು ಹಿಡಿತ, ನಡಿಗೆ ನೋಡಲೇಬೇಕು. ಸ್ನಾಯು ಸವೆತಕ್ಕೆ ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಿತಿಯಂತೆ, ಕೈಹಿಡಿತದ ಬಲ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆಯಿದ್ದರೆ ದುರ್ಬಲ. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೂ ಎಚ್ಚರ ವಹಿಸಬೇಕು. ಈ ಪರೀಕ್ಷೆಗೆ ಯಂತ್ರವೇ ಬೇಡ.