ಉತ್ತರ 11 ಬರಬೇಕು, 41 ಬರುತ್ತಿದೆ!

ಪ್ರಶ್ನೆ: ಮಗಳು ಎಂಟನೇ ತರಗತಿ. (2ಕ − 1)/3 − (ಕ − 5)/2 = 4 ಎಂಬ ಲೆಕ್ಕವನ್ನು ಮೂರು ಸಲ ಮಾಡಿದರೂ ಕ = 41 ಬರುತ್ತಿದೆ. ಪುಸ್ತಕದ ಹಿಂದೆ 11 ಅಂತಿದೆ. ಅಚ್ಚಿನ ತಪ್ಪಿರಬಹುದೇ?

ಉತ್ತರ: ಇಲ್ಲ. ಅಂಕಿಗಳನ್ನಷ್ಟೇ ಬದಲಿಸಿಕೊಂಡು ಇದೇ ತಪ್ಪು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗ ಇದಕ್ಕೇ. ಪುಸ್ತಕವನ್ನು ಅನುಮಾನಿಸುವ ಮೊದಲು 41 ಅನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡಬೇಕಿತ್ತು. 81/3 ಅಂದರೆ 27, 36/2 ಅಂದರೆ 18, ಕಳೆದರೆ 9. ಬೇಕಾಗಿದ್ದು 4. ಅರ್ಧ ನಿಮಿಷದ ಕೆಲಸವಿದು.

ಛೇದಗಳು 3 ಮತ್ತು 2, ಲ.ಸಾ.ಅ. 6. ಎರಡೂ ಬದಿಯ ಪ್ರತಿ ಪದವನ್ನೂ 6ರಿಂದ ಗುಣಿಸಿ:

2(2ಕ − 1) − 3(ಕ − 5) = 24
4ಕ − 2 − 3ಕ + 15 = 24
ಕ + 13 = 24
ಕ = 11

ಎಡವಿದ್ದು ಎರಡನೇ ಸಾಲಿನಲ್ಲಿ. ಆವರಣದ ಮುಂದಿರುವುದು 3 ಅಲ್ಲ, −3. ಅದು ಒಳಗಿನ ಎರಡೂ ಪದಗಳನ್ನು ಗುಣಿಸಬೇಕು, ಹಾಗಾಗಿ −3 × −5 = +15. ಮಗಳು −15 ಬರೆದಿದ್ದಾಳೆ. ಅವಳ ನೋಟ್‌ಬುಕ್ ನೋಡದೆಯೂ ಇದು ಗೊತ್ತಾಗುತ್ತದೆ: 41ಕ್ಕೂ 11ಕ್ಕೂ ಅಂತರ 30, ಅಂದರೆ +15 ಇರಬೇಕಾದಲ್ಲಿ −15 ಕೂತಿದೆ. ಇದೇ ಲೆಕ್ಕಕ್ಕೆ −9 ತರುವವರೂ ಇದ್ದಾರೆ. ಅವರು ಬಲಬದಿಯ 4 ಅನ್ನು 6ರಿಂದ ಗುಣಿಸದೆ ಬಿಟ್ಟವರು, ‘ಅದಕ್ಕೆ ಛೇದವೇ ಇಲ್ಲವಲ್ಲ’ ಅನ್ನುವ ಗುಂಪು. −9 ಹಾಕಿ ತಾಳೆ ನೋಡಿದರೆ ಎಡಬದಿಗೆ 2/3 ಬರುತ್ತದೆ, ಅಂದರೆ 4/6. ಮರೆತ 6 ಅಲ್ಲೇ ಸಿಕ್ಕಿಬೀಳುತ್ತದೆ.

ಭಿನ್ನರಾಶಿಯ ಗೆರೆಯೂ ಒಂದು ಆವರಣವೇ. ಗೆರೆ ತೆಗೆದ ಸಾಲಿನಲ್ಲೇ ಆವರಣ ಹಾಕಿ, ಬಿಡಿಸುವುದನ್ನು ಮುಂದಿನ ಸಾಲಿಗೆ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸುವ ಆತುರದಲ್ಲೇ ಚಿಹ್ನೆ ಕೈಕೊಡುವುದು. ನಾನಾದರೆ ಪರೀಕ್ಷೆಯಲ್ಲೂ ಸಾಲು ಉಳಿಸಲು ಹೋಗುವುದಿಲ್ಲ.

ಪ್ರಶ್ನೆ: ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ’ ಎಂದು ಟ್ಯೂಷನ್‌ನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಸರಿಯೇ?

ಉತ್ತರ: ರಾಜಕೀಯದಲ್ಲಿ ಸರಿ. ಗಣಿತದಲ್ಲಿ ಯಾವ ಪದವೂ ಆಚೆ ಹಾರುವುದಿಲ್ಲ. ಎರಡೂ ಬದಿಗೆ ಒಂದೇ ಸಂಖ್ಯೆಯನ್ನು ಕೂಡುತ್ತೇವೆ, ಕಳೆಯುತ್ತೇವೆ, ಇಲ್ಲವೇ ಸೊನ್ನೆಯಲ್ಲದ ಸಂಖ್ಯೆಯಿಂದ ಗುಣಿಸುತ್ತೇವೆ, ಭಾಗಿಸುತ್ತೇವೆ. ಬಾಯಿಪಾಠದ ಮಕ್ಕಳು −3ಕ = 12 ಕಂಡರೆ −3 ಆಚೆ ಹೋಗಿ +3 ಆಯಿತು ಎಂದುಕೊಂಡು ಕ = 4 ಬರೆಯುತ್ತಾರೆ. ಎರಡೂ ಬದಿಯನ್ನು −3ರಿಂದ ಭಾಗಿಸಿದರೆ ಬರುವುದು −4. ಕೂಡಿದ್ದನ್ನು ಕಳೆದು ಬಿಡಿಸಬೇಕು, ಗುಣಿಸಿದ್ದನ್ನು ಭಾಗಿಸಿ. ಇದನ್ನು ಹೇಳಿಕೊಡದೆ ಮಂತ್ರ ಹೇಳಿಸುವ ಟ್ಯೂಷನ್‌ಗೆ ಫೀಸು ಕಟ್ಟಬೇಡಿ.

ಪ್ರಶ್ನೆ: ಮೈನಸ್ ಮೈನಸ್ ಸೇರಿದರೆ ಪ್ಲಸ್ ಅಲ್ಲವೇ? −3 − 2 = 5 ಏಕಾಗುವುದಿಲ್ಲ?

ಉತ್ತರ: ಆ ನಿಯಮ ಗುಣಾಕಾರ, ಭಾಗಾಕಾರಕ್ಕೆ. ಋಣ ಅಂದರೆ ಸಾಲ. ಎರಡು ಋಣಗಳ ಮೊತ್ತ ಋಣವೇ ಎಂದು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟ. ಮೂರು ರೂಪಾಯಿ ಸಾಲದ ಮೇಲೆ ಇನ್ನೆರಡು ರೂಪಾಯಿ ಸಾಲ ಮಾಡಿ ನೋಡಿ.

ಪ್ರಶ್ನೆ: ಶೀಘ್ರ ಗುಣಾಕಾರದ ಹತ್ತು ದಿನದ ಕ್ಲಾಸಿನಿಂದ ಬೀಜಗಣಿತ ಸುಧಾರಿಸುತ್ತದೆಯೇ?

ಉತ್ತರ: ಇಲ್ಲ. 97 × 98 ಬಾಯಲ್ಲೇ ಹೇಳುವವನೂ −3(ಕ − 5)ರಲ್ಲಿ ಎಡವುತ್ತಾನೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ 8 ÷ 2(2 + 2) ಬಂದಿದೆ. 1 ಸರಿಯೋ 16 ಸರಿಯೋ?

ಉತ್ತರ: ಬರೆದ ರೀತಿಯೇ ಸರಿಯಿಲ್ಲ. ಛೇದದಲ್ಲಿ ಏನಿದೆ ಎಂದು ಗೆರೆ ಎಳೆದು ಬರೆಯಲಿ, ಆಮೇಲೆ ಲೆಕ್ಕ.

ಪ್ರಶ್ನೆ: 1 ಅವಿಭಾಜ್ಯ ಸಂಖ್ಯೆಯೇ?

ಉತ್ತರ: ಅಲ್ಲ. ಮುಂದಿನ ತಿಂಗಳು ಕೇಳಿದರೂ ಅಲ್ಲ.