ಫ್ರಾಂಕ್ ಗೋರ್‌ಗೆ ಹಾಲ್ ಆಫ್ ಫೇಮ್ ಗೌರವ ಸಲ್ಲಬೇಕೇ?

ಸಲ್ಲಬೇಕು ಅನ್ನುವುದೇ ನನ್ನ ಮತ. ಹಾಲ್ ಆಫ್ ಫೇಮ್ ಅಂದರೆ ಆಟದ ಮಹಾನ್ ಆಟಗಾರರಿಗೆ ಸಲ್ಲುವ ಗೌರವ. ಗೋರ್ ಅಮೆರಿಕನ್ ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್ ಆಗಿದ್ದವರು. ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವವನು. ಹೆಚ್ಚುಕಮ್ಮಿ ಪ್ರತಿ ಓಟದ ಕೊನೆಗೂ ಯಾರೋ ಮೈಮೇಲೆ ಬಂದು ಬೀಳುತ್ತಾರೆ. ಹಾಗಾಗಿ ವಯಸ್ಸು ಮೂವತ್ತಾಗುವಷ್ಟರಲ್ಲಿ ಹೆಚ್ಚಿನವರ ಆಟ ಮುಗಿದಿರುತ್ತದೆ. ಗೋರ್ ಅಂತೂ ಕಾಲೇಜಿನಲ್ಲೇ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು. ಆದರೂ 2005ರಿಂದ 2020ರವರೆಗೆ 16 ಸೀಸನ್ ಆಡಿ, ಸರಿಯಾಗಿ 16,000 ಗಜ ಓಡಿದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಇತಿಹಾಸದಲ್ಲಿ ಅವರಿಗಿಂತ ಮುಂದಿರುವವರು ಎಮ್ಮಿಟ್ ಸ್ಮಿತ್, ವಾಲ್ಟರ್ ಪೇಟನ್ ಇಬ್ಬರೇ. ಒಂದು ವರ್ಷವೂ ಓಟದಲ್ಲಿ ಲೀಗ್‌ಗೆ ಮೊದಲಿಗರಾಗಲಿಲ್ಲ ಎಂಬ ತಕರಾರು ನಿಜ. ಆದರೆ ಮೈ ಸವೆಸುವ ಈ ಜಾಗದಲ್ಲಿ ಒಂಬತ್ತು ಸೀಸನ್ ಸಾವಿರ ಗಜ ದಾಟುವುದು (ಅದೂ ಆ ಮೊಣಕಾಲಿನಲ್ಲಿ!) ಒಂದೆರಡು ವರ್ಷ ಮಿಂಚಿದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುತ್ತದೆ.