ಹಿಮದ ನಾಡಿನಲ್ಲಿ ಒಡೆಯುವ ಪೈಪು

ಪ್ರಶ್ನೆ: ಕೆನಡಾದ ವಿನಿಪೆಗ್‌ನಲ್ಲಿರುವ ಮಗಳ ಮನೆಯಲ್ಲಿ ಕಳೆದ ಜನವರಿಯಲ್ಲಿ ಅಡುಗೆಮನೆಯ ಪೈಪು ಹೆಪ್ಪುಗಟ್ಟಿ ಒಡೆದು, ನೆಲವೆಲ್ಲ ನೀರಾಯಿತು. ಈ ಚಳಿಗಾಲದಲ್ಲಿ ಅವಳ ಬಾಣಂತನಕ್ಕೆ ನಾನು ಹೋಗುವವಳಿದ್ದೇನೆ. ಯಾವ ಜಾಗ್ರತೆ ವಹಿಸಬೇಕು?
– ಓರ್ವ ತಾಯಿ, ಉಡುಪಿ

ಉತ್ತರ: ಅಮ್ಮಾ, ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಪೈಪು ಬಿರಿಯುತ್ತದೆ. ಆದ್ದರಿಂದ ಕಡುಚಳಿಯ ರಾತ್ರಿಗಳಲ್ಲಿ ಹೊರಗೋಡೆಯ ಬದಿಯ ನಲ್ಲಿಯನ್ನು ಸಣ್ಣಗೆ ಹರಿಯಬಿಟ್ಟು, ಮನೆಯೊಳಗಿನ ಬಿಸಿಗಾಳಿ ಪೈಪಿಗೆ ತಾಗುವಂತೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಬೇಕು. ಏಪ್ರಿಲ್‌–ಮೇಯಲ್ಲಿ ಬಾವಿಯ ತಳ ನೋಡುವ ನಮ್ಮೂರಿನವರಿಗೆ ನೀರು ಹರಿಯಬಿಡುವುದು ಮನಸ್ಸಿಗೆ ಒಗ್ಗದು. ಆದರೆ ಅಲ್ಲಿ ಅದು ಪೋಲಲ್ಲ.

ನೀರು ನಿಂತೇಹೋದರೆ ಬೆಂಕಿ ಹಿಡಿಯಬೇಡಿ; ನಲ್ಲಿಯನ್ನು ತೆರೆದಿಟ್ಟು, ಹೇರ್ ಡ್ರೈಯರಿನಿಂದ ನಲ್ಲಿಯ ಕಡೆಯಿಂದಲೇ ನಿಧಾನವಾಗಿ ಬಿಸಿ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಮುಖ್ಯ ವಾಲ್ವ್ ಎಲ್ಲಿದೆ, ಅದನ್ನು ಹೇಗೆ ತಿರುಗಿಸಬೇಕು ಎಂಬುದನ್ನು ಹೋದ ದಿನವೇ ಮಗಳಿಂದ ಕಲಿತುಕೊಳ್ಳಿ.

ನೀವು ಒಯ್ಯುವ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಎಣ್ಣೆಯ ಜಿಡ್ಡನ್ನು ಸಿಂಕಿಗೆ ಸುರಿಯದೆ, ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ.